ಮಾರಪ್ಪನ ಮೈಮೇಲಿನ ಕಲೆಗಳು

ಮೊಬೈಲಿನ ಪರದೆಯ ಮೇಲಿದ್ದುದು ವಯಸ್ಸಾದ ಗಂಡಸಿನ ತೋಳು. ಮೊಣಕೈಯಿಂದ ಮೇಲೆ ಮೂರು ಕಡೆ ಚರ್ಮ ನೀಲಿಗಟ್ಟಿತ್ತು. ಮುಂದಿನ ಚಿತ್ರದಲ್ಲಿ ಸೊಂಟ. ಅದರ ಮುಂದಿನದರಲ್ಲಿ ಮೊಣಕಾಲಿನ ಕೆಳಗೆ ಅಂಗೈಯಗಲದ ಕಪ್ಪು ಕಲೆ.

"ನಮ್ಮಪ್ಪಂದು ಮೇಡಂ," ಎಂದಳು ಎದುರು ಕೂತಿದ್ದ ಬಿಂದು. "ನಿನ್ನೆ ಅಂಗಿ ಬದಲಾಯಿಸುವಾಗ ನೋಡ್ದೆ. ಯಾರೋ ಹೊಡೀತಿದಾರೆ."

ಹೊಸನಗರ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಹೇಮಾವತಿ ಚಿತ್ರಗಳನ್ನು ಇನ್ನೊಮ್ಮೆ ನೋಡಿದಳು. "ಯಾರು?"

ಬಿಂದು ತಡವರಿಸಿದಳು. ಅವಳದು ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ. ತವರಿಗೆ ಬರುವುದು ತಿಂಗಳಿಗೊಮ್ಮೆ. ತಮ್ಮ ದುರ್ಗೇಶ್ ಗೂಡ್ಸ್ ಆಟೋ ಓಡಿಸುತ್ತಾನೆ. ತಾಯಿ ಹುಲಿಗೆಮ್ಮ ಶಾಲೆಯ ಬಿಸಿಯೂಟ ಬೇಯಿಸಲು ಹೋಗುತ್ತಾಳೆ. ಹಗಲೆಲ್ಲ ಅಪ್ಪ ಮಾರಪ್ಪನ ಜೊತೆ ಇರುವವಳು ದುರ್ಗೇಶನ ಹೆಂಡತಿ ಸ್ವಾತಿ ಒಬ್ಬಳೇ. ಆ ಸ್ವಾತಿ ಈಚೆಗೆ ಮಾವನ ಮುಖ ಕಂಡರಾಗದವಳಂತೆ ನಡೆದುಕೊಳ್ಳುತ್ತಾಳೆ. ಕಾಫಿ ಲೋಟವನ್ನು ದೂರದಲ್ಲೇ ಕುಕ್ಕಿ, ಮೂಗಿಗೆ ವೇಲು ಒತ್ತಿಕೊಂಡು ಓಡುತ್ತಾಳೆ. ಇದನ್ನು ಬಿಂದು ತನ್ನ ಕಣ್ಣಾರೆ ಕಂಡಿದ್ದಳು.

"ಅವಳಿಗೆ ಈಗ ನಾಲ್ಕು ತಿಂಗಳು," ಎಂದು ಸಣ್ಣ ದನಿಯಲ್ಲಿ ಸೇರಿಸಿದಳು. "ಆದ್ರೂ ಅಪ್ಪನ್ನ ಹಿಂಗೆ ನೋಡಕ್ಕಾಗಲ್ಲ."

ದೂರು ಒಮ್ಮೆ ಕಾಗದಕ್ಕೆ ಇಳಿದರೆ ಆ ಮನೆ ಮತ್ತೆ ಕೂಡುವುದು ಕಷ್ಟ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹೇಮಾವತಿ ಅಂಥ ಮನೆಗಳನ್ನು ಕಂಡಿದ್ದಳು. ಮೊದಲು ನೋಡಿ ಬರುತ್ತೇನೆ, ಬರೆಯುವುದು ಆಮೇಲೆ ಎಂದು ಹೇಳಿ ಎದ್ದಳು.

ಮಾರಪ್ಪ ಜಗಲಿಯ ಮೇಲೆ ಕೂತು ಯಾರದೋ ಹರಿದ ಬಲೆಗೆ ಗಂಟು ಹಾಕುತ್ತಿದ್ದ. ಮೂವತ್ತು ವರ್ಷ ಶರಾವತಿಯ ಹಿನ್ನೀರಿನಲ್ಲಿ ಮೀನು ಹಿಡಿದವನು. ಎರಡು ವರ್ಷದ ಹಿಂದೆ ಹೃದಯದ ಕವಾಟ ಬದಲಾಯಿಸಿದ ಮೇಲೆ ನೀರಿಗಿಳಿದಿರಲಿಲ್ಲ.

"ಇದೇನಾಯ್ತು ಅಜ್ಜ?"

"ಬಿದ್ದೆ."

"ಎಲ್ಲಿ?"

"ಬಚ್ಚಲಲ್ಲಿ."

"ಕಾಲಿಂದು?"

"ಅದೂ ಬಚ್ಚಲಲ್ಲೇ."

ಹೇಮಾವತಿ ಬಚ್ಚಲು ನೋಡಿ ಬಂದಳು. ಒರಟು ಕಲ್ಲಿನ ನೆಲ, ಹಿಡಿದುಕೊಳ್ಳಲು ಕಬ್ಬಿಣದ ಸರಳು. ಬಿದ್ದವನ ಮೊಣಕೈ ತರಚಬೇಕಿತ್ತು, ತರಚಿರಲಿಲ್ಲ. ಮುದುಕ ಸುಳ್ಳು ಹೇಳುತ್ತಿದ್ದ—ಯಾರನ್ನು ಉಳಿಸಲು? ಗೂಡಿನಲ್ಲಿದ್ದ ಅವನ ಹಲ್ಲುಜ್ಜುವ ಬ್ರಷ್ಷಿನ ಬುಡ ಕೆಂಪಾಗಿತ್ತು. ಅದನ್ನೂ ಅವಳು ಗಮನಿಸಿದಳು.

ಸ್ವಾತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಣಕಲು ಹುಡುಗಿ, ಕಣ್ಣ ಕೆಳಗೆ ಕಪ್ಪು.

"ಮಾವನ ಹತ್ರ ಹೋಗಲ್ವಂತೆ ನೀನು?"

ಸ್ವಾತಿಯ ಕಣ್ಣು ತುಂಬಿತು. "ಹೋದ್ರೆ ವಾಂತಿ ಬರುತ್ತೆ ಮೇಡಂ. ಅವರ ಬಾಯಿಂದ ಮೀನಿನ ವಾಸನೆ. ಹೇಳಿದ್ರೆ ಎಲ್ಲಿ ಬೇಜಾರ್ ಮಾಡ್ಕೊಳ್ತಾರೋ ಅಂತ ಯಾರಿಗೂ ಹೇಳಿಲ್ಲ."

"ಮೀನು ಮಾಡಿದ ದಿನ ಮಾತ್ರಾನಾ?"

"ಮನೇಲಿ ಮೀನು ಮಾಡಿ ಮೂರು ತಿಂಗ್ಳಾಯ್ತು. ನಂಗೆ ಆಗಲ್ಲ ಅಂತ ಅತ್ತೆನೇ ನಿಲ್ಲಿಸಿದ್ರು."

ಹೇಮಾವತಿ ಮತ್ತೆ ಜಗಲಿಗೆ ಬಂದು ಮಾರಪ್ಪನ ಆಸ್ಪತ್ರೆಯ ಕಡತ ತರಿಸಿ ಓದಿದಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ದಿನಕ್ಕೊಂದು. ಹಿಂದಿನ ತಿಂಗಳ ರಕ್ತಪರೀಕ್ಷೆ ಸರಿಯಾಗಿಯೇ ಇತ್ತು. ಹೊರಗೆಲ್ಲಾದರೂ ಮೀನು ತಿನ್ನುತ್ತೀರಾ ಎಂದು ಕೇಳಿದಾಗ ಮುದುಕ ನಕ್ಕುಬಿಟ್ಟ. ಅಂಗಳ ದಾಟಿದರೆ ಏದುಸಿರು ಬರುತ್ತದೆ, ಇನ್ನು ಹೋಟೆಲೆಲ್ಲಿ ಬಂತು ಎಂದ.

ಮಧ್ಯಾಹ್ನ ಹುಲಿಗೆಮ್ಮ ಶಾಲೆಯಿಂದ ಬಂದಳು. ದುರ್ಗೇಶ್‌ಗೂ ಬಿಂದುವಿಗೂ ಹೇಳಿಕಳಿಸಿ, ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಹೇಮಾವತಿ ಮಾತು ತೆಗೆದಳು.

ಇವು ಹೊಡೆತದ ಕಲೆಗಳಲ್ಲ ಎಂದಳು ಮೊದಲು. ಹೊಡೆದರೆ ಬೆರಳಿನ ಗುರುತೋ ಕೋಲಿನ ಗೆರೆಯೋ ಉಳಿಯುತ್ತದೆ. ಇಲ್ಲಿ ನೀಲಿಗಟ್ಟಿರುವುದು ಕುರ್ಚಿಯ ಕೈ ತಾಗುವ ತೋಳು, ಮಂಚದ ಅಂಚು ಒತ್ತುವ ಸೊಂಟ, ಕಾಲು. ಹಲ್ಲುಜ್ಜಿದರೆ ವಸಡಲ್ಲಿ ರಕ್ತ. ಅಂದರೆ ಸ್ವಲ್ಪ ತಗುಲಿದರೂ ಒಳಗೆ ರಕ್ತ ಜಿನುಗುತ್ತಿದೆ.

"ಆ ಮಾತ್ರೆ ಎರಡು ವರ್ಷದಿಂದ ತಗೊಳ್ತಿದಾರಲ್ಲ," ಎಂದ ದುರ್ಗೇಶ್.

"ಅದೇ ನನ್ನ ಪ್ರಶ್ನೆ. ಈ ಮೂರು ತಿಂಗಳಲ್ಲಿ ಏನು ಬದಲಾಯ್ತು? ಮನೇಲಿ ಮೀನು ನಿಂತಿತು. ಆದ್ರೆ ಮೀನಿನ ವಾಸನೆ ಒಬ್ಬರ ಬಾಯಲ್ಲಿ ಉಳೀತು. ಸ್ವಾತಿ ಯಾಕೆ ಮುಖ ತಿರುಗಿಸ್ತಾಳೆ ಅಂತ ಅವಳನ್ನ ಯಾರೂ ಕೇಳ್ಲಿಲ್ಲ." ಹೇಮಾವತಿ ತಿರುಗಿದಳು. "ಹುಲಿಗೆಮ್ಮ, ಯಜಮಾನರಿಗೆ ಏನು ಕೊಡ್ತಿದೀರಿ?"

ಹುಲಿಗೆಮ್ಮ ಎದ್ದು ಒಳಗೆ ಹೋದಳು. ಟ್ರಂಕಿನಿಂದ ಒಂದು ದಪ್ಪ ಬಾಟಲಿ ತಂದಿಟ್ಟಳು. ಒಳಗೆ ಹೊಂಬಣ್ಣದ, ಮೆತ್ತನೆಯ ಗುಳಿಗೆಗಳು. ಮೀನೆಣ್ಣೆ.

"ದಿನಕ್ಕೆಷ್ಟು?"

"ಮೊದ್ಲು ಒಂದು. ಮೀನು ನಿಂತ ಮೇಲೆ ಬೆಳಿಗ್ಗೆ ಮೂರು, ರಾತ್ರಿ ಮೂರು." ಅವಳು ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. "ಹಿನ್ನೀರಲ್ಲಿ ಬೆಳೆದ ಜೀವ ಮೇಡಂ. ಮೀನಿಲ್ದೆ ಸೊರಗ್ತಾರೆ ಅನ್ನಿಸ್ತು. ಸ್ವಾತಿಗೆ ಗೊತ್ತಾದ್ರೆ ತನ್ನಿಂದ ಮಾವಂಗೆ ಮೀನು ತಪ್ತು ಅಂತ ನೊಂದ್ಕೊಳ್ತಾಳೆ. ಅದಕ್ಕೇ ಬೆಳಿಗ್ಗೆ ಯಾರೂ ಏಳೋಕೆ ಮುಂಚೆ, ರಾತ್ರಿ ಎಲ್ರೂ ಮಲಗಿದ ಮೇಲೆ ಕೊಡ್ತಿದ್ದೆ."

ಹೇಮಾವತಿ ಬಾಟಲಿ ತಿರುಗಿಸಿ ನೋಡಿದಳು. ತಳದಲ್ಲಿ ತೀರ್ಥಹಳ್ಳಿಯ ಅಂಗಡಿಯೊಂದರ ಚೀಟಿ. "ಇದನ್ನ ತಂದವರು?"

ಬಿಂದುವಿನ ಮುಖ ಬಿಳಚಿಕೊಂಡಿತು.

"ನಾನೇ," ಎಂದಳು. ಹೃದಯಕ್ಕೆ ಒಳ್ಳೆಯದು ಎಂದು ಅಂಗಡಿಗೆ ಬರುವ ಗಿರಾಕಿಯೊಬ್ಬರು ಹೇಳಿದ್ದರಂತೆ. ಅಂದಿನಿಂದ ಬಂದಾಗಲೆಲ್ಲ ಒಂದು ಬಾಟಲಿ ತರುತ್ತಿದ್ದಳು. ಈ ಸಲ ಅಮ್ಮ ಎರಡು ಕೇಳಿದ್ದಳು; ಯಾಕೆ ಎಂದು ಅವಳು ವಿಚಾರಿಸಿರಲಿಲ್ಲ.

"ಮಗಳು ತಂದ್ಳು, ತಾಯಿ ಕೊಟ್ಳು, ಡಾಕ್ಟರಿಗೆ ಯಾರೂ ಹೇಳ್ಲಿಲ್ಲ," ಎಂದಳು ಹೇಮಾವತಿ ಮೆಲ್ಲಗೆ. "ನನ್ನ ಅಂದಾಜು ಇಷ್ಟೇ. ನಾನು ಡಾಕ್ಟರಲ್ಲ. ಈಗ್ಲೇ ಹೋಗಿ ಕೇಳೋಣ." ಆಮೇಲೆ ಮಾರಪ್ಪನ ಕಡೆ ನೋಡಿದಳು. "ಬಿದ್ದೆ ಅಂತ ಯಾಕೆ ಹೇಳಿದ್ರಿ ಅಜ್ಜ?"

"ಕಲೆ ಹೆಂಗೆ ಬಂತೋ ನಂಗೇ ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಎಲ್ರೂ ಸ್ವಾತಿ ಕಡೆ ನೋಡ್ತಿದ್ರು. ಬಿದ್ದೆ ಅಂದ್ರೆ ಯಾರ ಕಡೆನೂ ನೋಡಲ್ಲ."

ಸ್ವಾತಿ ತಲೆ ತಗ್ಗಿಸಿದಳು.

ಪರಿಚಯದವರ ಕಾರಿನಲ್ಲಿ ಅವರು ಸಾಗರದ ಆಸ್ಪತ್ರೆ ತಲುಪಿದಾಗ ಇನ್ನೂ ಬಿಸಿಲಿತ್ತು. ಹೇಮಾವತಿಯೂ ಜೊತೆಗೆ ಹೋದಳು. ಮಾರಪ್ಪನನ್ನು ಮೊದಲಿಂದ ನೋಡುತ್ತಿದ್ದ ಡಾಕ್ಟರು ಬಾಟಲಿಯ ಮೇಲಿದ್ದುದನ್ನೆಲ್ಲ ಓದಿ, ಕಲೆಗಳನ್ನು ಒತ್ತಿ ನೋಡಿ, ಅವಳ ಅಂದಾಜು ಬಹುಮಟ್ಟಿಗೆ ಸರಿ ಎಂದರು. ಮೀನೆಣ್ಣೆ ವಿಷವೇನಲ್ಲ, ರಕ್ತದಲ್ಲಿ ಕೊಬ್ಬು ವಿಪರೀತ ಏರಿದ ಕೆಲವರಿಗೆ ತಾವೇ ಬರೆದುಕೊಡುವುದುಂಟು. ಆದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವನಿಗೆ, ಯಾರನ್ನೂ ಕೇಳದೆ, ದಿನಕ್ಕೆ ಆರು? ರಕ್ತಸ್ರಾವ ಹೆಚ್ಚಬಹುದು, ಎದೆಬಡಿತದ ಲಯವೂ ತಪ್ಪಬಹುದು. ಚರ್ಮದ ಕೆಳಗಾಗಿದ್ದು ಪುಣ್ಯ, ತಲೆಯೊಳಗೆ ಆಗಿದ್ದರೆ ಕಷ್ಟವಿತ್ತು. ಗುಳಿಗೆ ನಿಲ್ಲಿಸಿ, ಹಳೆಯ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ, ಎರಡು ದಿನ ಇಲ್ಲೇ ಇರಲಿ ಎಂದರು. ಮೀನು ತಿನ್ನಬಹುದಾ ಎಂದು ಮಾರಪ್ಪ ಕೇಳಿದ. ವಾರಕ್ಕೆರಡು ಸಲ ಹಿತವಾಗಿ ತಿನ್ನಿ ಎಂದಾಗ ಮುದುಕನ ಮುಖ ಅರಳಿತು. ಹುಲಿಗೆಮ್ಮ ಅವನ ಕೈಯನ್ನು, ಕಲೆಯಿಲ್ಲದ ಕಡೆ, ಹಿಡಿದುಕೊಂಡು ಕೂತಿದ್ದಳು.

ಹೊರಗಿನ ಬೆಂಚಿನ ಮೇಲೆ ಸ್ವಾತಿ ಒಬ್ಬಳೇ ಇದ್ದಳು. ಬಿಂದು ಅವಳ ಮುಂದೆ ಹೋಗಿ ನಿಂತಳು. ಹೊರಡಲು ಎದ್ದ ಹೇಮಾವತಿ ಬಾಗಿಲಲ್ಲೇ ನಿಂತಳು. ದೂರು ಕೊಟ್ಟವರು ಯಾರೆಂದು ಅವಳು ಹೇಳಿರಲಿಲ್ಲ, ಹೇಳುವುದೂ ಇರಲಿಲ್ಲ.

"ಸ್ಟೇಷನ್ನಿಗೆ ಹೋಗಿದ್ದು ನಾನು," ಎಂದಳು ಬಿಂದು. "ನಿನ್ನ ಹೆಸ್ರೇ ಹೇಳಿದ್ದೆ."

ಸ್ವಾತಿ ವೇಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಗೊತ್ತಾಯ್ತು ಅಕ್ಕ. ಆಗ್ಲೇ ಗೊತ್ತಾಯ್ತು," ಎಂದಳು ಕೊನೆಗೆ. "ಆದ್ರೆ ಅಪ್ಪನ ಮೈ ನೋಡಿ ನೀವು ಸುಮ್ನೆ ತೀರ್ಥಹಳ್ಳಿಗೆ ವಾಪಸ್ ಹೋಗಿದ್ರೆ, ಅತ್ತೆ ಇನ್ನೂ ಆ ಗುಳಿಗೆ ಕೊಡ್ತಾನೇ ಇರ್ತಿದ್ರು."

ಸ್ವಾತಿ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಬಿಂದು ಕೂತಳು.