ಒಣಬಟ್ಟೆಯಲ್ಲಿ ಒರೆಸಿದ ಬೆಂಡೆಕಾಯಿ

"ಈಳಿಗಿ ಇತ್ತ ಕೊಡ್ರಿ!"

ಮದುವೆಯಾಗಿ ರಾಯಚೂರಿಗೆ ಬಂದ ಮೇಲೆ ಸೂಗಮ್ಮ ಹಗಲು ಹೊತ್ತಿನಲ್ಲಿ ಗಂಡನೊಂದಿಗೆ ಆಡಿದ ಮೊದಲ ಮಾತು ಅದು. ಆಡಿದ ಮೇಲೆ ತಾನೇ ಬೆಚ್ಚಿದಳು!

ನಲ್ಲಿಯಿಂದ ಕೊಡ ಹೊತ್ತು ಬಂದವಳ ಕಣ್ಣಿಗೆ ಬಿದ್ದದ್ದೇನು? ಹತ್ತಿ ಮಿಲ್ಲಿಗೆ ಹೊರಡಬೇಕಾದ ತಾಯಣ್ಣ ಅಡುಗೆಮನೆಯಲ್ಲಿ ಈಳಿಗೆ ಮಣೆಯ ಮೇಲೆ ಕುಳಿತಿದ್ದ. ಒಂದೊಂದೇ ಬೆಂಡೆಕಾಯಿಯನ್ನು ಒಣಬಟ್ಟೆಯಲ್ಲಿ ಒರೆಸಿ, ತೊಟ್ಟು ತೆಗೆದು, ಹೆಚ್ಚುತ್ತಿದ್ದ.

"ತಡಿ, ಇನ್ನೊಂದೀಟು ಉಳದಾವ," ಎಂದ ತಲೆಯೆತ್ತದೆ.

ಅಂಗಳದಿಂದ ಅತ್ತೆ ಮೂಕಮ್ಮ ನೆರೆಮನೆಯವರಿಗೆ ಹೇಳುವ ದನಿ ಬಂತು. "ನೋಡ್ರಬೇ ನನ್ನ ಮಗನ್ನ! ಹೆಂಡ್ತಿ ಬಂದ್ರೂ ಒಲಿ ಬಿಡವಲ್ಲ!"

ಸೂಗಮ್ಮ ಕೊಡ ಇಳಿಸಿ ಗೋಡೆಗೆ ಆತು ನಿಂತಳು.

ನಿನ್ನೆಯಷ್ಟೇ ಅವಳು ಈ ಮನೆಯಲ್ಲಿ ಮೊದಲ ಸಲ ಬೆಂಡೆಕಾಯಿ ಹುರಿದಿದ್ದಳು. ಅವಳ ತವರು ದೇವದುರ್ಗದಾಚೆಯ ಗೂಗಲ್. ಕೃಷ್ಣೆಯ ದಂಡೆಯ ಹುಡುಗಿಗೆ ನೀರಿನ ಬಡತನ ಗೊತ್ತಿರಲಿಲ್ಲ. ಯಾವ ಕಾಯಿಯಾದರೂ ಸರಿ, ಹೆಚ್ಚಿದ ಮೇಲೆ ಮತ್ತೆ ಮತ್ತೆ ತೊಳೆಯುವುದು ತವರಿನ ರೂಢಿ. ಅಲ್ಲಿ ಬೆಂಡೆಕಾಯಿ ಹುಳಿಸಾರಿಗೆ ಬೀಳುತ್ತಿತ್ತೇ ಹೊರತು ಯಾರೂ ಹುರಿಯುತ್ತಿರಲಿಲ್ಲ. ಇಲ್ಲಿಯೂ ಹೋಳುಗಳನ್ನು ತೊಳೆದಳು, ಮೊದಲೇ ಉಪ್ಪು ಹಾಕಿದಳು, ಮೇಲೊಂದು ತಟ್ಟೆ ಮುಚ್ಚಿದಳು.

ಮೊದಲು ಉಂಡವನು ತಾಯಣ್ಣ. ಬಾಣಲೆ ಬಳಿದು ತಿಂದುಬಿಟ್ಟ! ಅತ್ತೆಗೂ ಉಳಿಯಲಿಲ್ಲ, ಕೊನೆಗೆ ಉಣ್ಣುವ ಸೊಸೆಗೂ ಉಳಿಯಲಿಲ್ಲ. 'ನನ್ನ ಕೈರುಚಿ ಹಿಡಿಸಿತು...' ಎಂದು ಹಿಗ್ಗುತ್ತಲೇ ಅವಳು ಚಟ್ನಿಪುಡಿಯಲ್ಲಿ ರೊಟ್ಟಿ ತಿಂದಿದ್ದಳು.

ಹಾಗಾದರೆ ಇವತ್ತು ಇದೇನು?

ಆಷಾಢ ಹೊಸ್ತಿಲಿಗೆ ಬಂದಿತ್ತು. ಹೊಸ ಸೊಸೆ ಅತ್ತೆಮನೆಯಲ್ಲಿ ಇರುವಂತಿಲ್ಲ. ಅಣ್ಣ ವಿರೂಪಣ್ಣ ಈ ದಿನ ದೇವದುರ್ಗದ ಬಸ್ಸಿಗೆ ಬಂದು ಕರೆದೊಯ್ಯುವವನಿದ್ದ. ಆಷಾಢ ಕಳೆದ ಮೇಲೆ ಗಂಡನೇ ಬಂದು ಕರೆಯಬೇಕು. ನಿನ್ನೆ ರಾತ್ರಿ ಹೇಳಿದಾಗ ತಾಯಣ್ಣ ಅಂದದ್ದು ಒಂದೇ ಮಾತು, "ಹೋಗಿ ಬಾ."

'ಕರೆಯಲು ಬಾರದೇ ಹೋದರೆ...?'

ಎಣ್ಣೆ ಕಾಯಿತು. ಜೀರಿಗೆ ಚಟಪಟ ಎಂದಿತು. ಜಜ್ಜಿದ ಬೆಳ್ಳುಳ್ಳಿಯ ಹಿಂದೆ ಬೆಂಡೆಕಾಯಿ ಬಿತ್ತು. ತಾಯಣ್ಣ ತಟ್ಟೆ ಮುಚ್ಚಲಿಲ್ಲ. ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ತಿರುವುತ್ತ, ಹೋಳುಗಳ ಅಂಚು ಕೆಂಪಗಾಗುವವರೆಗೆ ಕಾದು, ಆಮೇಲೆ ಉಪ್ಪು, ಖಾರಪುಡಿ ಉದುರಿಸಿದ.

ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಅಡಿಗಿ ಸೇರದಿದ್ರ ಬಾಯಿ ಬಿಟ್ಟು ಹೇಳ್ರಿ. ಹೋದಾಕಿ ಅಲ್ಲೇ ಇದ್ದುಬಿಡ್ತೀನಿ!"

ತಾಯಣ್ಣನ ಕೈ ನಿಂತಿತು. ಅವಳ ತುಂಬಿದ ಕಣ್ಣು ನೋಡಿ ಗಾಬರಿಯಾದ.

"ಯವ್ವಾ! ಹಂಗ್ಯಾಕ ಅಂತಿ? ಇದು ನಿನ್ನ ಬುತ್ತಿಗೆ ಮಾಡಾಕತ್ತೀನಿ."

"ನನ್ನ... ಬುತ್ತಿಗೇ?"

"ನಿನ್ನಿ ನಿನಗ ಒಂದು ತುಣುಕೂ ಬಿಡಲಿಲ್ಲ. ಮೊದಲು ಇದನ್ನ ತಿಂದು ನೋಡು."

ಅವಳು ಒಂದು ಹೋಳು ಬಾಯಿಗಿಟ್ಟಳು. ಗರಿಗರಿ! ಕಣ್ಣರಳಿಸಿದಳು.

"ಮತ್ತ ನಂದು ಹ್ಯಾಂಗಿತ್ತು?"

ತಾಯಣ್ಣ ತಲೆ ಕೆರೆದುಕೊಂಡ. "ನಿಂದು ರೊಟ್ಟಿಗೆ ಸಿಗವಲ್ದು! ಜಾರಿ ತಾಟಿನ ತುಂಬ ಓಡ್ಯಾಡ್ತಿತ್ತು. ಹೆಚ್ಚಿದ ಮ್ಯಾಲ ಬೆಂಡಿಕಾಯಿಗೆ ನೀರು ತಾಕಬಾರ್ದು, ಲೋಳಿ ಬಿಡ್ತದ."

ಅಳು ಬರುತ್ತಿದ್ದ ಬಾಯಿಗೆ ನಗು ನುಗ್ಗಿತು. "ಮತ್ಯಾಕ ತಳದ ತನಕ ಉಂಡ್ರಿ?"

ಅವನು ಅಂಗಳದ ಕಡೆ ನೋಡಿ ದನಿ ತಗ್ಗಿಸಿದ.

"ಅವ್ವನ ಬಾಯಿಗೆ ಬೀಳಬಾರ್ದಂತ. ಮಾನ್ವಿ ಊರಾಗ ಇರೋ ನಮ್ಮಣ್ಣನ ಹೆಂಡ್ತಿ, ವೈನಿ, ಒಮ್ಮಿ ಸಾರಿಗೆ ಉಪ್ಪು ಹೆಚ್ಚು ಹಾಕಿದ್ರು. ಇವತ್ತಿಗೂ ಅವ್ವ ಅದನ್ನ ಓಣಿ ತುಂಬ ಹೇಳ್ತಾಳ. ನಿನ್ನ ಯಾರೂ ಹಂಗ ಆಡಿಕೋಬಾರ್ದು, ಸೂಗವ್ವಾ... ನನಗ ಸಹಿಸಾಕ ಆಗಂಗಿಲ್ಲ."

ಸೂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ಈ ಮೌನದ ಹಿಂದೆ ಇದಿತ್ತೇ...!

"ಹಂಗಾದ್ರ ನಿನ್ನಿ 'ಹೋಗಿ ಬಾ' ಅಂತ ಅಷ್ಟ ಯಾಕಂದ್ರಿ?"

"ಹೋಗಬ್ಯಾಡ ಅನ್ನಾಕ ಆಷಾಢ ಕೇಳ್ತದೇನು? ಅದಕ್ಕ 'ಬಾ' ಅಂದೆ. ಅಷ್ಟ ನನ್ನ ಕೈಯಾಗಿತ್ತು."

ಹೊರಗೆ ವಿರೂಪಣ್ಣನ ಕೆಮ್ಮು ಕೇಳಿಸಿತು. ಮೂಕಮ್ಮ, "ಬರ್ರಿ, ಬರ್ರಿ," ಎನ್ನುತ್ತಿದ್ದರು. ತಾಯಣ್ಣ ಅವಸರವಾಗಿ ರೊಟ್ಟಿಗಳ ನಡುವೆ ಹುರಿದ ಬೆಂಡೆಕಾಯಿ ಇಟ್ಟು ಬಟ್ಟೆ ಕಟ್ಟತೊಡಗಿದ. ಸೂಗಮ್ಮ ಆ ಗಂಟಿನ ಮೇಲೆ, ಅವನ ಕೈ ಮೇಲೆ, ತನ್ನ ಕೈ ಇಟ್ಟಳು. ಇಬ್ಬರೂ ತೆಗೆಯಲಿಲ್ಲ.

"ಕರಿಯಾಕ ಯಾವಾಗ ಬರ್ತೀರಿ?"

"ಶ್ರಾವಣ ಹುಟ್ಟಿದ ದಿನ, ಮುಂಜಾನಿ ಮೊದಲ್ನೇ ಬಸ್ಸಿಗೆ."

"ಅಷ್ಟು ಲಗೂನ? ಊರ ಮಂದಿ ನಗ್ತಾರ್ರಿ!"

"ನಗಲಿ ಬಿಡು. ನೀ ಏನಂತಿ?"

ಅವಳು ತಲೆ ತಗ್ಗಿಸಿ, ಅವನಿಗೊಬ್ಬನಿಗೇ ಕೇಳುವಂತೆ ಅಂದಳು.

"ಬಸ್ ಸ್ಟ್ಯಾಂಡಿಗೇ ಬಂದು ನಿಂತಿರ್ತೀನಿ..."