ನಲವತ್ತೆರಡು ಅಳತೆಗಳು

“ಒಬ್ಬರೇ ಬನ್ನಿ. ಪೊಲೀಸರಿಗೆ ಹೇಳಬೇಡಿ. ಹೇಳಿದ್ರೆ ನಿಮ್ಮ ಫೋನು ನಿಮಗೆ ಸಿಗಲ್ಲ.”

ಗಂಡಸಿನ ದನಿ. ಯಾರಾದರೂ ಕೇಳಿಸಿಕೊಂಡಾರು ಎಂದು ತಗ್ಗಿಸಿದ ದನಿ.

ಸಬೀನಾ ತನ್ನ ಚಿಕ್ಕಮ್ಮನ ಹಳೇ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಯಾರು ಮಾತಾಡ್ತಿರೋದು?”

“ಅದು ಬಿಡಿ. ಕೆಂಪು ಕವರ್ ಮೇಲೆ ನೀವೇ ಹಾಕಿದ ಕಸೂತಿ ಹಕ್ಕಿ ಇದೆ ಅಲ್ವಾ? ಮಣಿ ಸಾಲದೆ ಒಂದು ಕಣ್ಣು ಬಿಟ್ಟಿದೀರಲ್ಲ, ಅದೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಎಲ್ ಆಲ್ಟೊ ಸಂತೆ, ಆಲೂಗಡ್ಡೆ ಸಾಲಿನ ಕೊನೇ ದೀಪದ ಕಂಬ. ಮತ್ತೆ… ಲಾಕ್ ಸಂಖ್ಯೆ ಯಾರು ಕೇಳಿದ್ರೂ ಹೇಳಬೇಡಿ. ನಾನು ಕೇಳಿದ್ರೂ ಹೇಳಬೇಡಿ!”

ಟಕ್. ಕರೆ ನಿಂತಿತು.

ಹಕ್ಕಿಯ ಕಸೂತಿ ತಾನೇ ಹಾಕಿದ್ದೆಂದು, ಮಣಿ ಸಾಲಲಿಲ್ಲವೆಂದು ಇವನಿಗೆ ಹೇಗೆ ಗೊತ್ತು? ಅಷ್ಟು ದಿನದಿಂದ ನನ್ನನ್ನು ನೋಡುತ್ತಾ ಇದ್ದಾನಾ?

“ಯಾರೇ ಅದು?” ಕತ್ತರಿ ನಿಲ್ಲಿಸದೆಯೇ ಕೇಳಿದಳು ದಮಿಯಾನಾ ಚಿಕ್ಕಮ್ಮ.

ಸಬೀನಾ ಎಲ್ಲ ಹೇಳಿದಾಗ ಮಾತ್ರ ಕತ್ತರಿ ನಿಂತಿತು.

“ಹೋಗ್ಬೇಡ ಕಣೆ! ಗುಂಡಿ ಮಾರೋ ಮಾರ್ಸೆಲಾ ಹೀಗೇ ಫೋನು ವಾಪಸ್ ಕೊಡ್ತಾರೆ ಅಂತ ಹೋದಳಲ್ಲ… ಚೀಲಾನೂ ಹೋಯ್ತು, ಕಿವಿ ಓಲೇನೂ ಹೋಯ್ತು, ಮುಂದಿನ ಎರಡು ಹಲ್ಲೂ ಹೋಯ್ತು!”

“ಚಿಕ್ಕಮ್ಮಾ… ಅಳತೆಗಳು…”

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು.

ಗ್ರಾನ್ ಪೊದೇರ್ ಹಬ್ಬಕ್ಕೆ ಇನ್ನು ಹನ್ನೆರಡೇ ದಿನ. ಅದರ ಮೆರವಣಿಗೆಯಲ್ಲಿ ಮೊರೆನಾದಾ ಕುಣಿಯುವ ನಲವತ್ತೆರಡು ಜನರ ಜರಿ ಉಡುಪು ಇವರ ಅಂಗಡಿಯಲ್ಲೇ ಆಗಬೇಕು. ಒಬ್ಬೊಬ್ಬರ ಭುಜ, ಎದೆ, ತೋಳು, ಎಲ್ಲವನ್ನೂ ಸಬೀನಾ ಟೇಪು ಹಿಡಿದುಕೊಂಡೇ ಫೋನಿಗೆ ಹೇಳಿ ರೆಕಾರ್ಡ್ ಮಾಡಿಬಿಡುತ್ತಿದ್ದಳು. ಪುಸ್ತಕದಲ್ಲಿ ಬರೆದುಕೊಳ್ಳೇ ಎಂದು ಚಿಕ್ಕಮ್ಮ ನೂರು ಸಲ ಬೈದಿದ್ದಳು. “ಈಗ ಯಾರು ಬರೀತಾರೆ ಚಿಕ್ಕಮ್ಮಾ!” ಎಂದು ಇವಳು ನಕ್ಕಿದ್ದಳು.

ಬುಧವಾರ ಮಿನಿಬಸ್ಸಿನ ನೂಕುನುಗ್ಗಲಲ್ಲಿ ಆ ಫೋನೇ ಮಾಯ! ಕುಣಿಯುವವರಲ್ಲಿ ಅರ್ಧ ಜನ ಲಾರಿ ಓಡಿಸುವವರು, ಗಡಿಯಾಚೆ ವ್ಯಾಪಾರಕ್ಕೆ ಹೋದವರು. ಮತ್ತೆ ಅಳತೆ ತೆಗೆಯಲು ಯಾರು ಸಿಗುತ್ತಾರೆ? ಉಡುಪು ತಪ್ಪಿದರೆ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಕಾಪಾಡಿದ ಹೆಸರು ಒಂದೇ ಮೆರವಣಿಗೆಯಲ್ಲಿ ಮಣ್ಣುಪಾಲು.

“ಹೋಗ್ತೀನಿ,” ಎಂದಳು ಸಬೀನಾ. “ಒಬ್ಬಳೇ ಹೋದ ಹಾಗೆ ಹೋಗ್ತೀನಿ. ಆದ್ರೆ ಒಬ್ಬಳೇ ಇರಲ್ಲ.”

* * *

ಭಾನುವಾರ ಹತ್ತಕ್ಕೆ ಐದು ನಿಮಿಷ. ಬಿಸಿಲಿತ್ತು, ಗಾಳಿ ಮಾತ್ರ ಮೂಳೆ ಕೊರೆಯುತ್ತಿತ್ತು.

ಕೊನೆಯ ಕಂಬಕ್ಕೆ ಒಂದು ಬಟ್ಟೆಯ ಬೊಂಬೆ ನೇತಾಡುತ್ತಿತ್ತು. ಹಳೇ ಪ್ಯಾಂಟು, ಹುಲ್ಲು ತುಂಬಿದ ಹೊಟ್ಟೆ, ಕತ್ತಿಗೆ ಕುಣಿಕೆ. ಎದೆಯ ಮೇಲಿನ ಹಲಗೆಯಲ್ಲಿ ಬರೆದಿತ್ತು: ‘ಸಿಕ್ಕಿಬಿದ್ದ ಕಳ್ಳನಿಗೆ ಇದೇ ಗತಿ.’ ಆ ಬೊಂಬೆ ಬರೀ ಅಲಂಕಾರವಲ್ಲವೆಂದು ಆ ಸಾಲಿನವರಿಗೆಲ್ಲ ಗೊತ್ತು.

ಹತ್ತು ಹೆಜ್ಜೆ ಆಚೆ ಆ ಸಾಲಿನ ಯಜಮಾನಿ ದೋನ್ಯಾ ಫೆಲೀಪಾ ಆಲೂಗಡ್ಡೆ ರಾಶಿಯ ಹಿಂದೆ ಕೂತಿದ್ದಳು. ಎತ್ತರದ ಟೋಪಿ, ಒಂದರ ಮೇಲೊಂದು ಉಟ್ಟ ಏಳು ಲಂಗದ ಗತ್ತು. ಬೆಳಿಗ್ಗೆಯೇ ಅವಳು ಸಬೀನಾಳ ಕೊರಳಿಗೆ ಒಂದು ಸೀಟಿ ಹಾಕಿದ್ದಳು.

“ಒಂದೇ ಸಲ ಉದ್ದಕ್ಕೆ ಊದು ಮಗಳೇ, ಸಾಕು. ಉಳಿದದ್ದು ನಮಗೆ ಬಿಡು. ತಪ್ಪಾಗಿ ಊದಿದ್ರೆ ಮೂರು ಸಲ ಚಿಕ್ಕದಾಗಿ ಊದಬೇಕು. ಆದ್ರೆ ಹಾಗೆ ಊದಿದವರನ್ನ ನಾನು ಇದುವರೆಗೂ ನೋಡಿಲ್ಲ!”

ಅವಳ ಪಕ್ಕದಲ್ಲಿ ಒಂದು ಹಗ್ಗ ಸುತ್ತಿಟ್ಟಿತ್ತು.

ಜನರ ನಡುವಿನಿಂದ ಒಬ್ಬ ಬಂದ. ಕಣ್ಣಿನ ತನಕ ಇಳಿದ ಟೋಪಿ, ಮೂಗಿನ ತನಕ ಏರಿದ ಮಫ್ಲರು. ಎರಡೆರಡು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ.

ಸಬೀನಾ ಸೀಟಿ ಹಿಡಿದುಕೊಂಡಳು. ಅಯ್ಯೋ ದೇವರೇ… ಅವನ ಕೈ ಜೇಬಿಗೆ ಹೋಗ್ತಿದೆ!

ಹೊರಗೆ ಬಂದದ್ದು ಕೆಂಪು ಕವರಿನ ಫೋನು. ಒಕ್ಕಣ್ಣಿನ ಹಕ್ಕಿ.

“ತಗೊಳ್ಳಿ. ಬೇಗ ಹೊರಡಿ ಇಲ್ಲಿಂದ,” ಎಂದು ಅವಳ ಕೈಗಿಟ್ಟವನೇ ಉಸಿರಾಡಲು ಮಫ್ಲರು ಕೆಳಗೆಳೆದ.

ಸಬೀನಾ ಕಲ್ಲಾದಳು.

ಲಿಂಬರ್ಟ್!

ಹೋದ ಸೋಮವಾರ ಅಳತೆ ಕೊಡಲು ಬಂದಿದ್ದವನು. ಟೇಪು ಹಿಡಿದ ಇವಳ ಕೈ ಅವನ ಭುಜದ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತ್ತು. “ಎಡ ಭುಜ ಒಂದು ಬೆರಳು ಕೆಳಗಿದೆ,” ಅಂದಿದ್ದಳು. “ಚಿಕ್ಕವನಿದ್ದಾಗ ಮೂಟೆ ಹೊತ್ತು ಹೊತ್ತು ಹಾಗಾಗಿದೆ. ಕುಣಿವಾಗ ಸರಿಹೋಗುತ್ತೆ ಬಿಡಿ,” ಎಂದು ನಕ್ಕಿದ್ದ. ಸತ್ತುಹೋದ ಏಳು ಫೋನುಗಳಿಂದ ತಾನೇ ಜೋಡಿಸಿದ ಒಂದು ಫೋನನ್ನು ಹೆಮ್ಮೆಯಿಂದ ತೋರಿಸಿದ್ದ. ಇವಳೂ ಹಕ್ಕಿಯ ಕಥೆ ಹೇಳಿದ್ದಳು. ಆ ರಾತ್ರಿ ನಿದ್ದೆ ಬಂದಿರಲಿಲ್ಲ…

ಸೋಮವಾರ ಅವನು ಬಂದ. ಬುಧವಾರ ಫೋನು ಹೋಯಿತು.

ಓ! ಅಂದರೆ ಆ ನಗು, ಆ ಮಾತು, ಎಲ್ಲಾ ನನ್ನ ಫೋನು ಎಲ್ಲಿಡ್ತೀನಿ ಅಂತ ನೋಡೋಕೆ!

ಹೆದರಿಕೆಗಿಂತ ಅವಮಾನ ದೊಡ್ಡದಾಯಿತು. ಸೀಟಿ ತುಟಿಗೆ ಹೋಯಿತು.

“ಸಬೀನಾ, ಬೇಡ…!”

ಊದಿಬಿಟ್ಟಳು. ಉದ್ದಕ್ಕೆ.

ಒಂದು ಸೀಟಿಗೆ ಹತ್ತು ಸೀಟಿ, ಹತ್ತಕ್ಕೆ ನೂರು. ಆಲೂಗಡ್ಡೆ ಸಾಲು, ಕಂಬಳಿ ಸಾಲು, ಟೈರಿನ ಸಾಲು, ಎಲ್ಲ ಕಡೆಯಿಂದ ಜನ ನುಗ್ಗಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲಿಂಬರ್ಟ್ ಕಂಬಕ್ಕೆ ಒತ್ತಿ ನಿಂತಿದ್ದ, ಫೆಲೀಪಾಳ ಹಗ್ಗ ಅವನ ಎದೆಗೆ ಬಿಗಿಯುತ್ತಿತ್ತು. ತಲೆಯ ಮೇಲೆ ಬೊಂಬೆಯ ಕಾಲು ತೂಗುತ್ತಿತ್ತು.

“ಜೇಬು ನೋಡ್ರೋ! ಇನ್ನೆಷ್ಟು ಫೋನು ಕದ್ದಿದಾನೋ!”

ಜೇಬಿನಿಂದ ಬಿದ್ದದ್ದು ಒಂದು ಸಣ್ಣ ಸ್ಕ್ರೂಡ್ರೈವರು, ದುಡ್ಡು ಹಾಕಿ ಮಾತಾಡುವ ಬೂತಿಗೆಂದು ಇಟ್ಟುಕೊಂಡ ಎರಡು ಚಿಲ್ಲರೆ ಕಾಸು, ಫೋನ್ ನಂಬರಿದ್ದ ದಮಿಯಾನಾಳ ಅಂಗಡಿಯ ರಸೀದಿ. ಅಷ್ಟೇ.

“ನಿನ್ನ ಫೋನೆಲ್ಲೋ, ಬೋಳೀಮಗನೇ?”

“ಇಲ್ಲ.”

“ಇಲ್ಲ ಅಂದ್ರೆ?”

ಲಿಂಬರ್ಟ್ ಸಬೀನಾಳನ್ನು ಮಾತ್ರ ನೋಡಿದ. ತುಟಿ ಒಡೆದು ರಕ್ತ ಬರುತ್ತಿತ್ತು.

“ನಾನು ರಿಪೇರಿ ಮಾಡೋ ಅಂಗಡಿಗೆ ಯಾರೋ ಇದನ್ನ ಮಾರಿದ್ರು. ಒಳಗಿರೋದನ್ನೆಲ್ಲ ಅಳಿಸು ಅಂದ ಯಜಮಾನ. ಹಕ್ಕಿ ನೋಡಿ ಗೊತ್ತಾಯ್ತು… ನಲವತ್ತೆರಡು ಜನರ ಅಳತೆ ಇದರಲ್ಲಿದೆ ಅಂತಾನೂ ಗೊತ್ತಿತ್ತು. ಇದರ ಬದಲಿಗೆ ನನ್ನದು ಕೊಟ್ಟೆ.”

“ಯಾವ ಅಂಗಡಿ? ಹೇಳು! ಈಗಲೇ ಬೆಂಕಿ ಇಡ್ತೀವಿ!”

“ಅದಕ್ಕೇ ಹೇಳಲ್ಲ. ಅವನು ಮುದುಕ. ತಪ್ಪು ಮಾಡಿದಾನೆ, ಆದ್ರೆ ಹತ್ತು ವರ್ಷ ಅನ್ನ ಹಾಕಿದಾನೆ.”

ಏಳು ಫೋನುಗಳಿಂದ ಜೋಡಿಸಿದ ಒಂದು ಫೋನು! ಅದನ್ನು ಕೊಟ್ಟುಬಿಟ್ಟನಾ?

ಸಬೀನಾ ಕೈಯಲ್ಲಿದ್ದ ಫೋನು ಒತ್ತಿದಳು. ಲಾಕ್ ಹಾಗೇ ಇತ್ತು. ಸಂಖ್ಯೆ ಹಾಕಿದಳು. ನಲವತ್ತೆರಡು ಹೆಸರು, ಒಂದೂ ಅಳಿಸಿಲ್ಲ. ಅಯ್ಯೋ, ನಾನೇನು ಮಾಡಿಬಿಟ್ಟೆ!

“ಬಿಡಿ! ಬಿಡಿ ಅವರನ್ನ! ತಪ್ಪು ನಂದು!”

ಯಾರಿಗೆ ಕೇಳಿಸುತ್ತದೆ? ಹಿಂದಿನಿಂದ ಯಾರೋ ಪೆಟ್ರೋಲು ತನ್ನಿ ಎಂದು ಕೂಗಿದರು. ಸಬೀನಾ ಸೀಟಿ ಬಾಯಿಗಿಟ್ಟಳು. ಒಣಗಿದ ಬಾಯಿ, ಬರೀ ಗಾಳಿ ಬಂತು. ಮತ್ತೆ… ಮತ್ತೂ ಗಾಳಿಯೇ! ತುಟಿ ಕಚ್ಚಿ ಎಂಜಲು ತುಂಬಿಕೊಂಡು, ಕಣ್ಣೀರಿನ ಜೊತೆಯಲ್ಲೇ ಊದಿದಳು.

ಪೀ. ಪೀ. ಪೀ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಬೀನಾ ಅವನ ಮುಂದೆ ಕೈ ಚಾಚಿ ನಿಂತಳು.

“ಏನೇ ಹುಡುಗಿ, ಹೆದರಿಸಿದಾನಾ ನಿನ್ನ?” ಫೆಲೀಪಾ ಹಗ್ಗ ಸಡಿಲಿಸಲಿಲ್ಲ. “ಇವನು ನಿನಗೆ ಗೊತ್ತಾ? ನಿಜ ಹೇಳು!”

“ಗೊತ್ತು! ನಾವು ಉಡುಪು ಹೊಲೀತಿರೋ ತಂಡದವರು. ಎದೆ ತೊಂಬತ್ತಾರು, ಭುಜ ನಲವತ್ತನಾಲ್ಕು, ತೋಳು ಅರವತ್ತೊಂದು, ಎಡ ಭುಜ ಒಂದು ಬೆರಳು ಕೆಳಗೆ, ಕತ್ತು ಮೂವತ್ತೊಂಬತ್ತು, ಬಲಗಿವಿ ಹಿಂದೆ ಒಂದು ಮಚ್ಚೆ…”

ಅಲ್ಲಿಗೆ ತಾನೇನು ಹೇಳುತ್ತಿದ್ದೇನೆಂದು ಅವಳಿಗೇ ಕೇಳಿಸಿತು. ಗಪ್ಪನೆ ನಿಂತಳು.

ಫೆಲೀಪಾ ಹುಬ್ಬೇರಿಸಿದಳು. “ಫೋನು ನೋಡದೇ ಹೇಳ್ತಿದೀಯಲ್ಲ. ನಲವತ್ತೆರಡು ಜನರದ್ದೂ ಹೀಗೇ ಬಾಯಿಪಾಠನಾ?”

“ಇಲ್ಲ…” ಸಬೀನಾಳ ಮುಖ ಕೆಂಪಾಯಿತು. “ಇವರದ್ದು ಮಾತ್ರ.”

ಕಂಬಳಿ ಮಾರುವವಳೊಬ್ಬಳು ಕಿಸಕ್ಕನೆ ನಕ್ಕಳು. “ಮಚ್ಚೆಗೂ ಟೇಪು ಹಿಡಿದಳಂತೆ ಕಣ್ರೇ!” ನಗು ಸಾಲಿಂದ ಸಾಲಿಗೆ ಹರಿಯಿತು. ಬಿಗಿದ ಮುಷ್ಟಿಗಳು ಬಿಚ್ಚಿದವು. ಗೊಣಗುತ್ತಾ, ನಗುತ್ತಾ ಜನ ಚದುರಿದರು.

ಹಗ್ಗ ಬಿಚ್ಚಿದಾಗ ಲಿಂಬರ್ಟ್ ಕಂಬಕ್ಕೆ ಒರಗಿಯೇ ಕುಸಿದು ಕೂತ. ಸಬೀನಾ ಶಾಲಿನ ಅಂಚಿನಿಂದ ಅವನ ತುಟಿ ಒರೆಸಿದಳು.

“ಫೋನಲ್ಲಿ ಹೆಸರು ಹೇಳಬಾರದಿತ್ತಾ?”

“ಕದ್ದ ಮಾಲು ಬರೋ ಅಂಗಡೀಲಿ ಕೆಲಸ ಮಾಡ್ತೀನಿ ಅಂದ್ರೆ ನೀವು ನನ್ನನ್ನೂ ಕಳ್ಳ ಅನ್ಕೋತಿದ್ರಿ.”

“ಹೇಳದಿದ್ದಾಗಲೂ ಅನ್ಕೊಂಡೆನಲ್ಲ! ಕ್ಷಮಿಸಿ… ಕ್ಷಮಿಸು, ಲಿಂಬರ್ಟ್. ನನ್ನಿಂದ ಇವತ್ತು ನಿನ್ನ ಜೀವ…”

“ಸಬೀನಾ,” ಎಂದು ಅವನು ತಡೆದ. “ನಿಜ ಹೇಳಲಾ? ಪೆಟ್ರೋಲು ಅಂದಾಗ ಸತ್ತೇಹೋದೆ ಅನ್ಕೊಂಡೆ. ನೀನು ಎದೆ ತೊಂಬತ್ತಾರು ಅಂದಾಗ ಮತ್ತೆ ಉಸಿರು ಬಂತು.”

ಅವಳು ಅಳುತ್ತಾ ನಕ್ಕಳು. “ಇನ್ಮೇಲೆ ನಿನಗೆ ಹೇಗೆ ಕರೆ ಮಾಡೋದು? ಫೋನಿಲ್ಲ, ಇಷ್ಟು ಜನರ ಮುಂದೆ ಹೇಳಿದ್ಮೇಲೆ ಆ ಅಂಗಡಿ ಕೆಲಸಾನೂ ಹೋಯ್ತು.”

“ಕರೆ ಯಾಕೆ? ನಾಳೆ ನಿಮ್ಮ ಅಂಗಡಿಗೆ ಬರ್ತೀನಿ. ಹೆದರಿ ಒಂದು ಬೆರಳು ಇಳಿದಿರ್ತೀನಿ, ಅಳತೆ ಮತ್ತೆ ತೆಗೀಬೇಕಲ್ಲ.”

“ಬಾ. ಆದ್ರೆ ಈ ಸಲ ಪುಸ್ತಕದಲ್ಲಿ ಬರ್ಕೋತೀನಿ.”

ಆಚೆ ದೋನ್ಯಾ ಫೆಲೀಪಾ ಆಲೂಗಡ್ಡೆಯ ಒಂದು ಮೂಟೆ ಕಟ್ಟುತ್ತಿದ್ದಳು. ಅದೇ ಹಗ್ಗದಿಂದ ಬಾಯಿ ಬಿಗಿದು, “ದುಡ್ಡು ಬೇಡ, ಈ ಸಲ ಬಲಕ್ಕೆ ಹೊತ್ಕೋ,” ಎಂದು ಮೂಟೆಯನ್ನು ಲಿಂಬರ್ಟನ ಬಲ ಭುಜದ ಕಡೆ ತಳ್ಳಿ, ತನ್ನ ಸೀಟಿಯನ್ನು ಸಬೀನಾಳ ಕೊರಳಿನಿಂದ ವಾಪಸ್ ತೆಗೆದುಕೊಂಡು ಹೋದಳು.