ಮೈಸೂರು ಕಾಲೊನಿಯವರೆಗೆ

"ಈ ಪಿಲ್ಲರ್ ಹಿಡ್ಕೊಂಡು ಹೋದ್ರೆ ಸೀದಾ ಮನೆ. ನಂಗೆ ಸಬ್ ಗೊತ್ತು" ಎಂದಳು ಮಾಧುರಿ.

ದಾನೇಶ್ವರಿ ತಲೆಯೆತ್ತಿ ನೋಡಿದಳು. ರಸ್ತೆಯ ಉದ್ದಕ್ಕೂ ದಪ್ಪ ಕಂಬಗಳು, ಅವುಗಳ ಮೇಲೆ ಮೋನೋರೈಲಿನ ದಾರಿ. ಕಂಬಗಳೇನೋ ಎರಡೂ ಕಡೆಗೆ ಹೋಗಿದ್ದವು. ಆದರೆ ಅವಳು ವಿಜಯಪುರದಿಂದ ಮೊನ್ನೆಯಷ್ಟೇ ಬಂದವಳು. ಮಾಧುರಿ ಹುಟ್ಟಿದ್ದೇ ಇಲ್ಲಿ, ಚೆಂಬೂರಿನಲ್ಲಿ. ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೆ?

ಮಾಧುರಿ ಅವಳ ಚಿಗವ್ವನ ಮಗಳು, ಅಂದರೆ ಅವ್ವನ ತಂಗಿಯ ಮಗಳು. ಇಬ್ಬರದೂ ಐದನೇ ಕ್ಲಾಸು. ರಜೆಗೆ ಬಂದ ದಾನೇಶ್ವರಿಗೆ ಕಿಟಕಿಯಿಂದ ಊರು ನೋಡಿ ಸಾಕಾಗಿತ್ತು. ನಡೆದು ನೋಡಬೇಕೆಂದು ಹಟ ಹಿಡಿದಳು. ಗಾರ್ಡನ್‌ವರೆಗೆ ಹೋಗಿ ಬೇಗ ಬನ್ನಿ ಎಂದು ಅಂದು ಆಫೀಸಿಗೆ ರಜೆ ಹಾಕಿದ್ದ ಚಿಗವ್ವ ಕಳಿಸಿದ್ದಳು.

ಗಾರ್ಡನ್ ನೋಡಿದ್ದಾಯಿತು. ಈಗ ವಾಪಸು ನಡಿಗೆ. ದಾನೇಶ್ವರಿಗೆ ಕಂಡದ್ದೆಲ್ಲ ಚಂದ. ಆಟೋದ ಮೇಲೆ ಬೆಕ್ಕೊಂದು ಕಾಲು ಚಾಚಿ ಮಲಗಿತ್ತು. ವಡಾಪಾವ್ ಗಾಡಿಯಿಂದ ಕರಿದ ಮೆಣಸಿನಕಾಯಿಯ ಘಾಟು ಬಂದು ಇಬ್ಬರೂ ಸೀನಿದರು.

ಬರುಬರುತ್ತ ಅಂಗಡಿಗಳು ಕಡಿಮೆಯಾದವು. ಉದ್ದನೆಯ ಗೋಡೆ, ಬದಿಯಲ್ಲಿ ಸಾಲಾಗಿ ನಿಂತ ಟ್ಯಾಂಕರ್‌ಗಳು, ಎಣ್ಣೆಯ ವಾಸನೆ. ಮಾಧುರಿಯ ಮಾತೂ ಕಡಿಮೆಯಾಯಿತು.

ಒಂದು ಸ್ಟೇಶನ್ ಬಂತು. ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ದಾನೇಶ್ವರಿ ಕೂಡಿಸಿ ಓದಿದಳು. ಮೈಸೂರ್ ಕಾಲೊನಿ! ಅವಳಿಗೆ ನಗು ತಡೆಯಲಿಲ್ಲ.

"ನಡಕೋತ ಮೈಸೂರಿಗೇ ಬಂದೀವಲ್ಲ."

ಮಾಧುರಿ ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

"ದಾನೂ, ಇದು ಯಾವ ಜಾಗ, ನಂಗೆ ಗೊತ್ತಿಲ್ಲ" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಸ್ಕೂಲಿಗೆ ವ್ಯಾನ್‌ನಲ್ಲಿ ಹೋಗ್ತೀನಿ, ವ್ಯಾನ್‌ನಲ್ಲಿ ಬರ್ತೀನಿ. ಪೈದಲ್ ನಡ್ಕೊಂಡು ಎಲ್ಲೂ ಹೋಗೇ ಇಲ್ಲ."

ದಾನೇಶ್ವರಿ ಬಂದ ದಾರಿಯತ್ತ ತಿರುಗಿ ನೋಡಿದಳು. ಯಾರನ್ನಾದರೂ ಕೇಳೋಣ ಎಂದಳು. ಗೊತ್ತಿಲ್ಲದವರ ಹತ್ತಿರ ಮಾತಾಡಬಾರದು ಅಂತ ಟೀಚರ್ ಹೇಳಿದ್ದಾರೆ ಎಂದು ಮಾಧುರಿ ಹಿಂದೆ ಸರಿದಳು. ದಾನೇಶ್ವರಿ ಸುತ್ತ ನೋಡಿದಳು. ಮೊಮ್ಮಗಳ ಕೈ ಹಿಡಿದು ಒಬ್ಬ ಮುದುಕಿ ಬರುತ್ತಿದ್ದಳು. ದಾನೇಶ್ವರಿ ಸೀದಾ ಅವಳೆದುರು ಹೋಗಿ ನಿಂತಳು.

"ಆಯೀ, ಚೆಂಬೂರ ಸ್ಟೇಶನ್ ಯಾ ಕಡೆ ಐತ್ರಿ?"

ಮುದುಕಿಗೆ ಕನ್ನಡ ತಿಳಿಯಲಿಲ್ಲ. ಏನು ಮಗಾ ಎಂದು ಮರಾಠಿಯಲ್ಲಿ ಕೇಳಿದಳು. ಈಗ ಮರಾಠಿ ಬರುವ ಮಾಧುರಿಯೇ ಮುಂದೆ ಬರಬೇಕಾಯಿತು. ಮೆಲ್ಲಗೆ ಶುರುಮಾಡಿದವಳ ದನಿ ಹೋಗಹೋಗುತ್ತ ಗಟ್ಟಿಯಾಯಿತು. ಮನೆಗೆ ಬೆನ್ನು ಮಾಡಿ ಬಂದಿದ್ದೀರಿ, ಇದೇ ಕಂಬಗಳ ಜೊತೆ ತಿರುಗಿ ಹೋಗಿ ಎಂದು ಮುದುಕಿ ನಕ್ಕಳು.

ದಾರಿಯಲ್ಲಿ ಮತ್ತೂ ಕೆಲವರನ್ನು ಕೇಳಿದರು. ನಿಲ್ಲಿಸುವುದು ದಾನೇಶ್ವರಿಯ ಕೆಲಸ, ಮಾತಾಡುವುದು ಮಾಧುರಿಯದು.

ಬಿಲ್ಡಿಂಗಿನ ಗೇಟಿನಲ್ಲಿ ಚಿಗವ್ವ ಗಾಬರಿಯಿಂದ ನಿಂತಿದ್ದಳು. ಇಬ್ಬರನ್ನೂ ಚೆನ್ನಾಗಿ ಬೈದಳು. ದಾರಿ ತಪ್ಪಿಸಿದ್ದು ಯಾರು ಎಂದಾಗ ದಾನೇಶ್ವರಿ ನೆಲ ನೋಡಿದಳು.

"ನಾನೇ ಮಮ್ಮಿ" ಎಂದಳು ಮಾಧುರಿ. "ಗೊತ್ತಿಲ್ದೆ ಗೊತ್ತು ಅಂದೆ."

ಅಷ್ಟು ಹೇಳಿದ್ದೇ ತಡ, ಟ್ಯಾಂಕರ್, ಬೆಕ್ಕು, ಮುದುಕಿ, ಬೋರ್ಡು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೇಳುತ್ತ ಕೇಳುತ್ತ ಚಿಗವ್ವನ ಸಿಟ್ಟು ಇಳಿಯಿತು.

"ಮೈಸೂರು ಕಾಲೊನಿ ಅಂತ ಐತೇನು ಇಲ್ಲೆ?" ಎಂದಳು.

ದಾನೇಶ್ವರಿ ಅವಳ ಮುಖ ನೋಡಿದಳು. ಚಿಗವ್ವ ಮದುವೆಯಾದಾಗಿನಿಂದ ಇಲ್ಲಿಯೇ ಇದ್ದಾಳೆ. ದಿನವೂ ಲೋಕಲ್ ರೈಲು ಹಿಡಿದು ಪರೇಲ್‌ನ ಆಫೀಸಿಗೆ ಹೋಗುತ್ತಾಳೆ, ರಾತ್ರಿ ಬರುತ್ತಾಳೆ. ಅವಳೂ ಈ ಊರನ್ನು ನಡೆದು ನೋಡಿಲ್ಲ.

ಭಾನುವಾರ ಸಂಜೆ ಹುಡುಗಿಯರು ಹೊರಟಾಗ ಚಿಗವ್ವನೂ ಚಪ್ಪಲಿ ಮೆಟ್ಟಿದಳು. ಮೂವರೂ ಗೇಟಿನ ಹೊರಗೆ ನಿಂತರು. ಎಡಕ್ಕೊಂದು ರಸ್ತೆ, ಬಲಕ್ಕೊಂದು ರಸ್ತೆ. ಚಿಗವ್ವ ಮಾಧುರಿಯನ್ನು ನೋಡಿದಳು. ಮಾಧುರಿ ದಾನೇಶ್ವರಿಯನ್ನು ನೋಡಿದಳು.

ದಾನೇಶ್ವರಿಗೂ ಗೊತ್ತಿರಲಿಲ್ಲ. ಆದರೆ ಅವಳಿಗೆ ಹೆದರಿಕೆ ಆಗಲಿಲ್ಲ, ತಪ್ಪಿದರೆ ಕೇಳಿದರಾಯಿತು.

"ಹಿಂಗ ಹೋಗೋಣು" ಎಂದು ಚಿಗವ್ವನ ಕೈ ಹಿಡಿದಳು.